ಯಾರ ಸಂಬಳವೂ ಏರದೆ ಸರಾಸರಿ ಸಂಬಳ ಏರುವುದು ಹೇಗೆ?

2020ರ ಏಪ್ರಿಲ್. ಕೊರೊನಾದಿಂದಾಗಿ ಅಮೆರಿಕದಲ್ಲಿ ಹೋಟೆಲು, ಅಂಗಡಿ, ಚಿತ್ರಮಂದಿರಗಳು ಬಾಗಿಲು ಹಾಕಿದ್ದವು. ಒಂದೇ ತಿಂಗಳಲ್ಲಿ ಎರಡು ಕೋಟಿಗೂ ಹೆಚ್ಚು ಕೆಲಸಗಳು ಹೋದವು. ಅಲ್ಲಿನ ಕಾರ್ಮಿಕ ಅಂಕಿಅಂಶ ಕಚೇರಿ ಆ ತಿಂಗಳ ಲೆಕ್ಕವನ್ನು ಪ್ರಕಟಿಸಿದಾಗ ಅದರಲ್ಲಿ ಇನ್ನೊಂದು ಸಾಲೂ ಇತ್ತು. ಖಾಸಗಿ ವಲಯದ ನೌಕರರ ಸರಾಸರಿ ಗಳಿಕೆ ಗಂಟೆಗೆ 1 ಡಾಲರ್ 34 ಸೆಂಟ್ ಏರಿ 30 ಡಾಲರ್ 1 ಸೆಂಟ್ ಆಗಿದೆ ಎಂದು. ಅಂದರೆ ಶೇ. 4.7ರಷ್ಟು ಏರಿಕೆ. ಮಾಮೂಲಿ ದಿನಗಳಲ್ಲಿ ಅಷ್ಟು ಏರಲು ಅಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು.

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿರುವಾಗ ಸಂಬಳ ಏರಿಸಿದವರು ಯಾರು? ಬಹುಮಟ್ಟಿಗೆ ಯಾರೂ ಇಲ್ಲ. ಕೆಲಸ ಹೋದವರಲ್ಲಿ ಹೆಚ್ಚಿನವರು ಕಡಿಮೆ ಸಂಬಳದವರು. ತಟ್ಟೆ ತೊಳೆಯುವವರು, ಕೌಂಟರ್‌ನಲ್ಲಿ ನಿಲ್ಲುವವರು, ರೂಮು ಗುಡಿಸುವವರು. ಅವರು ಲೆಕ್ಕದಿಂದ ಹೊರಗೆ ಹೋದರು. ಮನೆಯಿಂದ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಬಲ್ಲ, ಜಾಸ್ತಿ ಸಂಬಳದ ಜನ ಉಳಿದರು. ಉಳಿದವರ ಸರಾಸರಿ ಮೇಲಕ್ಕೆ ಹೋಯಿತು, ಅಷ್ಟೆ. ಕಚೇರಿಯೇ ತನ್ನ ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿತ್ತು. ಆದರೆ ಬರೀ ಅಂಕಿ ನೋಡಿದವರಿಗೆ ಅದು ಒಳ್ಳೆಯ ಸುದ್ದಿಯಂತೆ ಕಾಣುತ್ತಿತ್ತು.

ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಕಡೆ ಐದು ಜನ ಕೆಲಸ ಮಾಡುತ್ತಾರೆ. ತಿಂಗಳ ಸಂಬಳ ಸಾವಿರಗಳಲ್ಲಿ 10, 10, 15, 25, 40. ಯಾವ ದೇಶದ ದುಡ್ಡಾದರೂ ಇರಲಿ. ಒಟ್ಟು 100, ಸರಾಸರಿ 20. ಮೊದಲ ಇಬ್ಬರನ್ನು ಕೆಲಸದಿಂದ ತೆಗೆದರು. ಉಳಿದ ಮೂವರ ಒಟ್ಟು 80, ಸರಾಸರಿ ಸುಮಾರು 26.7. ಸರಾಸರಿ ಮೂರನೇ ಒಂದರಷ್ಟು ಏರಿತು. ಯಾರ ಕೈಗೂ ಒಂದು ಕಾಸು ಜಾಸ್ತಿ ಬರಲಿಲ್ಲ. ಇಬ್ಬರ ಮನೆಯಲ್ಲಿ ಒಲೆ ಹತ್ತುವುದೇ ಕಷ್ಟವಾಯಿತು.

ಇದರ ಉಲ್ಟಾ ಕೂಡ ಆಗುತ್ತದೆ. ಒಂದು ಸಂಸ್ಥೆಯಲ್ಲಿ 50 ಜನ ಅನುಭವಿಗಳು, ಅವರಿಗೆ ತಲಾ 40 ಸಾವಿರ. 50 ಜನ ಹೊಸಬರು, ಅವರಿಗೆ ತಲಾ 20 ಸಾವಿರ. ಸರಾಸರಿ 30 ಸಾವಿರ. ಮುಂದಿನ ವರ್ಷ ಎಲ್ಲರ ಸಂಬಳವನ್ನೂ ಶೇ. 5 ಏರಿಸಿದರು. ಅನುಭವಿಗಳಿಗೆ 42, ಹೊಸಬರಿಗೆ 21. ಆದರೆ ಆ ಹೊತ್ತಿಗೆ 20 ಜನ ಅನುಭವಿಗಳು ನಿವೃತ್ತರಾಗಿ, ಆ ಜಾಗಕ್ಕೆ ಹೊಸಬರು ಬಂದಿದ್ದರು. ಈಗ 30 ಜನ 42ರಲ್ಲಿ, 70 ಜನ 21ರಲ್ಲಿ. ಸರಾಸರಿ 27.3 ಸಾವಿರ. ಎರಡೂ ಗುಂಪಿನ ಸಂಬಳ ಏರಿದೆ, ಸರಾಸರಿ ಮಾತ್ರ ಶೇ. 9 ಇಳಿದಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಕಾಗದ ತೆಗೆದುಕೊಂಡು ನೀವೇ ಮಾಡಿ ನೋಡಿ.

ಸಂಬಳದ ಅಂಕಿಅಂಶ ಓದುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಸರಾಸರಿ ಏರಿದೆ ಅಂದರೆ ಜನರ ಸಂಬಳ ಏರಿರಬಹುದು, ಅಥವಾ ಲೆಕ್ಕಕ್ಕೆ ಸಿಕ್ಕ ಜನರೇ ಬದಲಾಗಿರಬಹುದು. ಬಹಳ ಸಲ ಎರಡೂ ಸ್ವಲ್ಪ ಸ್ವಲ್ಪ ಆಗಿರುತ್ತದೆ. ಎಷ್ಟು ಇದು, ಎಷ್ಟು ಅದು ಅಂತ ಬಿಡಿಸಿ ನೋಡಬೇಕಾದರೆ ಆ ಅಂಕಿ ಹೇಗೆ ತಯಾರಾಗುತ್ತದೆ ಅಂತ ಗೊತ್ತಿರಬೇಕು.

ಯಾರನ್ನು ಕೇಳಿದರು?

ಜನ ಎಷ್ಟು ಗಳಿಸುತ್ತಾರೆ ಅಂತ ತಿಳಿಯಲು ಸರ್ಕಾರಗಳಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಸಂಬಳ ಕೊಡುವವರನ್ನು ಕೇಳುವುದು, ಮನೆಮನೆಗೆ ಹೋಗಿ ದುಡಿಯುವವರನ್ನು ಕೇಳುವುದು, ಯಾರನ್ನೂ ಕೇಳದೆ ತೆರಿಗೆ ಇಲಾಖೆಯಂಥ ಕಡೆ ಆಗಲೇ ಇರುವ ದಾಖಲೆ ನೋಡುವುದು. ಯಾವ ದಾರಿ ಹಿಡಿದಿದ್ದಾರೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಮೇಲೆ ಹೇಳಿದ 30 ಡಾಲರಿನ ಅಂಕಿ ಮೊದಲ ದಾರಿಯದು. ಪ್ರತಿ ತಿಂಗಳ 12ನೇ ತಾರೀಕನ್ನು ಒಳಗೊಂಡ ಸಂಬಳದ ಅವಧಿಯಲ್ಲಿ ಎಷ್ಟು ಜನರಿಗೆ ಸಂಬಳ ಕೊಟ್ಟಿರಿ, ಒಟ್ಟು ಎಷ್ಟು ಕೊಟ್ಟಿರಿ, ಒಟ್ಟು ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಅಮೆರಿಕದ ಕಚೇರಿ ಸಂಸ್ಥೆಗಳನ್ನು ಕೇಳುತ್ತದೆ. ಒಟ್ಟು ಮೊತ್ತವನ್ನು ಒಟ್ಟು ಗಂಟೆಗಳಿಂದ ಭಾಗಿಸುತ್ತದೆ. ಕಂಪನಿಯ ಸಂಬಳದ ಪುಸ್ತಕದಿಂದಲೇ ಬರುವುದರಿಂದ ಮೊತ್ತ ಸಾಕಷ್ಟು ನಿಖರ. ಆದರೆ ಅದರಲ್ಲಿ ಮನುಷ್ಯರು ಕಾಣಿಸುವುದಿಲ್ಲ. ಹೆಂಗಸರಿಗೆ ಎಷ್ಟು ಸಿಕ್ಕಿತು, ಯಾರಿಗೆ ಎಷ್ಟು ವಯಸ್ಸು, ಕೆಳಗಿನವರಿಗೆ ಎಷ್ಟು, ಮೇಲಿನವರಿಗೆ ಎಷ್ಟು, ಯಾವುದೂ ತಿಳಿಯುವುದಿಲ್ಲ. ಕೈಯಲ್ಲಿರುವುದು ಒಟ್ಟು ಮೊತ್ತ ಮಾತ್ರ. ಹಾಗಾಗಿ ಇದರಿಂದ ಸರಾಸರಿ ಬಿಟ್ಟು ಬೇರೇನೂ ತೆಗೆಯಲು ಬರುವುದಿಲ್ಲ. ಒಬ್ಬರು ಎರಡು ಕಡೆ ಕೆಲಸ ಮಾಡುತ್ತಿದ್ದರೆ ಎರಡು ಸಲ ಎಣಿಕೆಗೆ ಸೇರುತ್ತಾರೆ. ಅಲ್ಲಿ ಎಣಿಸುವುದು ಕೆಲಸಗಳನ್ನು, ಜನರನ್ನಲ್ಲ.

ಅದೇ ದೇಶದಲ್ಲಿ ಮನೆಗಳ ಸಮೀಕ್ಷೆ ಬೇರೆ ನಡೆಯುತ್ತದೆ. ತಿಂಗಳಿಗೆ ಸುಮಾರು 60,000 ಮನೆಗಳನ್ನು ಆರಿಸಿಕೊಳ್ಳುತ್ತಾರೆ. ಗಳಿಕೆಯ ಪ್ರಶ್ನೆಗಳನ್ನು ಅದರಲ್ಲಿ ಕಾಲುಭಾಗದವರಿಗೆ ಮಾತ್ರ ಕೇಳುತ್ತಾರೆ. ಇಲ್ಲಿ ಮನುಷ್ಯರು ಕಾಣುತ್ತಾರೆ. ವಯಸ್ಸು, ಓದು, ಕೆಲಸ ಎಲ್ಲ ಗೊತ್ತಾಗುತ್ತದೆ. ಆದರೆ ಉತ್ತರ ನೆನಪಿನಿಂದ ಬರುತ್ತದೆ. ಮನೆಯಲ್ಲಿದ್ದ ಒಬ್ಬರೇ ಎಲ್ಲರ ಪರವಾಗಿ ಹೇಳುವುದೂ ಉಂಟು. ಮಗನಿಗೆ, ಸೊಸೆಗೆ ಕರಾರುವಾಕ್ಕಾಗಿ ಎಷ್ಟು ಬರುತ್ತದೆ ಅಂತ ಎಷ್ಟು ಜನರಿಗೆ ಗೊತ್ತಿರುತ್ತದೆ, ಹೇಳಿ? 19,400 ಅನ್ನುವುದರ ಬದಲು 20,000 ಅಂತ ಗುಂಡಗೆ ಹೇಳುತ್ತಾರೆ. ಕೆಲವರು ಹೇಳುವುದೇ ಇಲ್ಲ. ಆಗ ಅವರಂತೆಯೇ ಇರುವ ಬೇರೆಯವರ ಉತ್ತರ ನೋಡಿ ಆ ಖಾಲಿ ಜಾಗವನ್ನು ಅಂದಾಜಿನಿಂದ ತುಂಬುತ್ತಾರೆ.

ಬ್ರಿಟನ್ನಿನ ವಾರ್ಷಿಕ ಗಳಿಕೆ ಸಮೀಕ್ಷೆ ಇವೆರಡನ್ನೂ ಬೆಸೆದ ಹಾಗಿದೆ. ತೆರಿಗೆ ಇಲಾಖೆಯ ದಾಖಲೆಯಿಂದ ಶೇ. 1ರಷ್ಟು ನೌಕರಿಗಳನ್ನು ಆರಿಸುತ್ತಾರೆ. ಆರಿಸುವುದು ಆ ವ್ಯಕ್ತಿಯ ರಾಷ್ಟ್ರೀಯ ವಿಮೆ ಸಂಖ್ಯೆಯ ಕೊನೆಯ ಅಂಕಿಗಳನ್ನು ನೋಡಿ. ಆಮೇಲೆ ಆ ಒಬ್ಬೊಬ್ಬರ ಸಂಬಳದ ವಿವರವನ್ನು ಸಂಸ್ಥೆಯ ಪುಸ್ತಕದಿಂದಲೇ ತುಂಬಿಸಿಕೊಳ್ಳುತ್ತಾರೆ. ವಿಮೆ ಸಂಖ್ಯೆ ಬದಲಾಗುವುದಿಲ್ಲ ಅಲ್ವಾ? ಹಾಗಾಗಿ ಅದೇ ಜನ ಪ್ರತಿ ವರ್ಷದ ಏಪ್ರಿಲ್‌ನಲ್ಲೂ ಮತ್ತೆ ಸಿಗುತ್ತಾರೆ. ಕಳೆದ ವರ್ಷ ಇದ್ದವರ ಸಂಬಳ ಈ ವರ್ಷ ಎಷ್ಟಾಯಿತು ಅಂತ ನೇರವಾಗಿ ನೋಡಬಹುದು. ಇದು ಬಹಳ ಜಾಣತನದ ಏರ್ಪಾಡು ಅಂತ ನನ್ನ ಅಭಿಪ್ರಾಯ. ಆದರೆ ಸ್ವಂತ ಉದ್ಯೋಗ ಮಾಡುವವರು ಇದರೊಳಗೆ ಬರುವುದೇ ಇಲ್ಲ.

ನಾರ್ವೆಯಲ್ಲಿ 2015ರಿಂದ ಪ್ರತಿಯೊಂದು ಸಂಸ್ಥೆಯೂ ಪ್ರತಿಯೊಬ್ಬ ನೌಕರರ ಸಂಬಳವನ್ನು ತಿಂಗಳು ತಿಂಗಳು ಸರ್ಕಾರಕ್ಕೆ ತಿಳಿಸಬೇಕು. ಅಂಕಿಅಂಶ ಕಚೇರಿಗೂ ಅದೇ ಸಿಗುತ್ತದೆ. ಮಾದರಿ ಸಮೀಕ್ಷೆಯ ಚಿಂತೆಯೇ ಇಲ್ಲ. ಆದರೆ ದಾಖಲೆಗೆ ಬಾರದ ದುಡಿಮೆ, ಕೈಗೆ ಕೈ ನಗದಾಗಿ ಕೊಟ್ಟ ಕೂಲಿ ಇಂಥ ಲೆಕ್ಕಕ್ಕೆ ಎಲ್ಲಿಯೂ ಸಿಗುವುದಿಲ್ಲ. ಜನರಲ್ಲಿ ಬಹುಪಾಲು ಹಾಗೆಯೇ ದುಡಿಯುವ ದೇಶಗಳಿಗೆ ಈ ದಾರಿ ಸಾಲದು.

ಭಾರತದ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಶುರುವಾದ, ಪಿಎಲ್‌ಎಫ್‌ಎಸ್ ಎಂದು ಕರೆಯುವ ಕಾರ್ಮಿಕ ಬಲ ಸಮೀಕ್ಷೆ ದುಡಿಯುವವರನ್ನು ಮೂರು ಗುಂಪು ಮಾಡುತ್ತದೆ. ತಿಂಗಳ ಸಂಬಳದವರಿಗೆ ಹಿಂದಿನ ತಿಂಗಳು ಎಷ್ಟು ಬಂತು ಎಂದು ಕೇಳುತ್ತದೆ. ದಿನಗೂಲಿಯವರಿಗೆ ಕಳೆದ ಏಳು ದಿನಗಳಲ್ಲಿ ದಿನದಿನವೂ ಎಷ್ಟು ಸಿಕ್ಕಿತು ಎಂದು ಕೇಳುತ್ತದೆ. ಸ್ವಂತ ಉದ್ಯೋಗದವರಿಗೆ ಕಳೆದ 30 ದಿನಗಳ ಗಳಿಕೆ ಎಷ್ಟು ಎಂದು ಕೇಳುತ್ತದೆ. ಮೂರು ಗುಂಪು, ಮೂರು ಅಳತೆ. ಇವನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲು ಹೋದರೆ ಎಡವುತ್ತೇವೆ.

ಇದರಲ್ಲಿ ದಿನಗೂಲಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಈ ಅಂಕಿ ಕೆಲಸ ಸಿಕ್ಕ ದಿನದ್ದು. ದಿನಕ್ಕೆ 400 ಅಂತ ಇದ್ದರೆ ಕೆಲವರು ಅದನ್ನು 26 ದಿನಕ್ಕೆ ಗುಣಿಸಿ ತಿಂಗಳಿಗೆ 10,400 ಅಂತ ಬರೆದುಬಿಡುತ್ತಾರೆ. ಆದರೆ ಆ ಮನುಷ್ಯನಿಗೆ ತಿಂಗಳಲ್ಲಿ 14 ದಿನ ಮಾತ್ರ ಕೆಲಸ ಸಿಕ್ಕಿದ್ದರೆ ಮನೆಗೆ ಹೋದದ್ದು 5,600. ಕೆಲಸ ಸಿಗದ ದಿನ ಕೂಲಿಯ ಲೆಕ್ಕದಲ್ಲಿ ಸೊನ್ನೆಯಾಗಿ ಸೇರುವುದಿಲ್ಲ. ಸುಮ್ನೆ ಕಾಣೆಯಾಗುತ್ತದೆ. ಬಡವರ ಬದುಕಿನ ಬಗ್ಗೆ ಬರೆಯುವವರು ಈ ಒಂದು ಗುಣಾಕಾರವನ್ನು ದಯವಿಟ್ಟು ಬಿಡಬೇಕು.

ಸಂಬಳ ಅಂದರೆ ಯಾವ ಸಂಬಳ?

ನಾವು ಮಾತಿನಲ್ಲಿ ಸಂಬಳ ಅನ್ನುವಾಗ ನಾಲ್ಕೈದು ಬೇರೆ ಬೇರೆ ಮೊತ್ತಗಳನ್ನು ಕಲಸಿಬಿಡುತ್ತೇವೆ. ನೇಮಕದ ಪತ್ರದಲ್ಲಿ ಬರೆದದ್ದು ಒಂದು. ಬ್ಯಾಂಕ್ ಖಾತೆಗೆ ಬಿದ್ದದ್ದು ಇನ್ನೊಂದು. ನಮ್ಮ ಮೇಲೆ ಸಂಸ್ಥೆ ಮಾಡುವ ಒಟ್ಟು ಖರ್ಚು ಮತ್ತೊಂದು.

ಈ ಗೊಂದಲ ಬೇಡ ಅಂತಲೇ 1973ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕರೆದ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ ಒಂದು ಠರಾವು ಮಾಡಿತು. ಇವತ್ತಿಗೂ ಹೆಚ್ಚಿನ ದೇಶಗಳು ಅದರ ಜಾಡಿನಲ್ಲೇ ನಡೆಯುತ್ತವೆ. ಅದು ವೇತನ ದರ, ಗಳಿಕೆ, ಕಾರ್ಮಿಕ ವೆಚ್ಚ ಇವನ್ನು ಬೇರೆ ಬೇರೆಯಾಗಿ ಇಡುತ್ತದೆ. ವೇತನ ದರ ಅಂದರೆ ಮಾಮೂಲಿ ಹೊತ್ತಿನ ಕೆಲಸಕ್ಕೆ ಗೊತ್ತುಮಾಡಿದ ದರ. ಗಳಿಕೆ ಅಂದರೆ ದುಡಿಮೆಗೆ ನಿಜವಾಗಿ ಬಂದದ್ದು. ಓವರ್‌ಟೈಮ್, ಬೋನಸ್, ಸಂಬಳದ ರಜೆಯ ದುಡ್ಡು, ವಸ್ತುವಿನ ರೂಪದಲ್ಲಿ ಕೊಟ್ಟದ್ದು ಎಲ್ಲ ಸೇರಿ. ತೆರಿಗೆ ಮತ್ತು ನೌಕರರ ಪಾಲಿನ ಕಡಿತಗಳಿಗೆ ಮುಂಚಿನ ಮೊತ್ತ ಇದು. ನಮ್ಮ ಪಿಂಚಣಿಗೆ, ಸಾಮಾಜಿಕ ಭದ್ರತೆಗೆ ಸಂಸ್ಥೆ ತನ್ನ ಕಡೆಯಿಂದ ಕಟ್ಟುವ ಹಣ ಇದರಲ್ಲಿ ಸೇರುವುದಿಲ್ಲ. ಅದು ಕಾರ್ಮಿಕ ವೆಚ್ಚದ ಲೆಕ್ಕಕ್ಕೆ ಹೋಗುತ್ತದೆ. ಕೆಲಸದಿಂದ ತೆಗೆದಾಗ ಕೊಡುವ ಪರಿಹಾರವೂ ಗಳಿಕೆಯಲ್ಲಿ ಇಲ್ಲ.

ಹಾಗಾಗಿ ಪತ್ರಿಕೆಯಲ್ಲಿ ಸರಾಸರಿ ಗಳಿಕೆ 30 ಸಾವಿರ ಅಂತ ಓದಿ, ನಮ್ಮ ಖಾತೆಗೆ ಬಿದ್ದ 26 ಸಾವಿರ ನೋಡಿ, ಅಯ್ಯೋ ನಾನು ಎಲ್ಲರಿಗಿಂತ ಹಿಂದೆ ಬಿದ್ದೆ ಅಂದುಕೊಳ್ಳಬೇಕಾಗಿಲ್ಲ. ಮೊದಲನೆಯದು ಕಡಿತಕ್ಕೆ ಮುಂಚಿನದು, ಎರಡನೆಯದು ಕಡಿತದ ನಂತರದ್ದು. ಇಂಥ ವರದಿಗಳನ್ನು ಓದಲು ಶುರುಮಾಡಿದ ಹೊಸದರಲ್ಲಿ ನನಗೂ ಹೀಗೆಯೇ ಸಂಕಟವಾಗಿತ್ತು. ಸಂಬಳದ ಚೀಟಿಯ ಮೇಲಿನ ಸಾಲಿಗೆ ಹೋಲಿಸಬೇಕಾದದ್ದನ್ನು ಕೆಳಗಿನ ಸಾಲಿಗೆ ಹೋಲಿಸಿದ್ದೆ.

ದರಕ್ಕೂ ಗಳಿಕೆಗೂ ಇರುವ ಅಂತರ ಸಣ್ಣದಲ್ಲ. ಒಬ್ಬರ ದರ ಗಂಟೆಗೆ 10. ವಾರಕ್ಕೆ 40 ಗಂಟೆ ದುಡಿದರೆ 400. ಒಂದು ವಾರ 10 ಗಂಟೆ ಓವರ್‌ಟೈಮ್ ಮಾಡಿದರು, ಅದಕ್ಕೆ ಒಂದೂವರೆ ಪಟ್ಟು, ಅಂದರೆ 150. ಒಟ್ಟು 550, ಗಂಟೆ 50. ಈಗ ಗಂಟೆಯ ಗಳಿಕೆ 11. ದರ ಒಂದಿಷ್ಟೂ ಬದಲಾಗಲಿಲ್ಲ. ಗಂಟೆಯ ಗಳಿಕೆ ಶೇ. 10 ಏರಿತು. ಮನುಷ್ಯ ಜಾಸ್ತಿ ಸುಸ್ತಾದ, ಅಷ್ಟೇ. ಮುಂದಿನ ತಿಂಗಳು ಓವರ್‌ಟೈಮ್ ನಿಂತರೆ ಅಂಕಿ ಇಳಿಯುತ್ತದೆ. ಆಗ ಸಂಬಳ ಕಡಿತ ಅಂತ ಸುದ್ದಿ ಬಂದರೂ ಆಶ್ಚರ್ಯವಿಲ್ಲ.

ಬೋನಸ್‌ನದೂ ಇದೇ ಕಥೆ. ಅದು ವರ್ಷಕ್ಕೊಮ್ಮೆ, ಕೆಲವೇ ತಿಂಗಳುಗಳಲ್ಲಿ ದಬದಬ ಬೀಳುತ್ತದೆ. ಅದಕ್ಕೇ ಬ್ರಿಟನ್ ತಿಂಗಳ ಲೆಕ್ಕದಲ್ಲಿ ಬೋನಸ್ ಸೇರಿಸಿದ ಅಂಕಿ, ಬೋನಸ್ ಬಿಟ್ಟ ಅಂಕಿ ಎರಡನ್ನೂ ಕೊಡುತ್ತದೆ. ಬದಲಾವಣೆಯ ಜಾಡು ಹಿಡಿಯಲು ಬೋನಸ್ ಬಿಟ್ಟದ್ದೇ ನಂಬಿಕಸ್ಥ.

ಗಂಟೆಗೋ, ವಾರಕ್ಕೋ, ತಿಂಗಳಿಗೋ ಅನ್ನುವುದನ್ನೂ ನೋಡಬೇಕು. ದಿನಕ್ಕೆ ನಾಲ್ಕು ಗಂಟೆ ಮಾತ್ರ ಕೆಲಸ ಮಾಡುವವರು ಜಾಸ್ತಿ ಇರುವ ಕಡೆ ತಿಂಗಳ ಗಳಿಕೆ ಕಡಿಮೆ ಕಾಣುತ್ತದೆ, ಗಂಟೆಯದು ಚೆನ್ನಾಗಿಯೇ ಇರಬಹುದು. ಅಮೆರಿಕದ ಮನೆ ಸಮೀಕ್ಷೆಯ ಪ್ರಸಿದ್ಧ ಅಂಕಿ ವಾರಕ್ಕೆ 35 ಗಂಟೆ ಅಥವಾ ಹೆಚ್ಚು ದುಡಿಯುವವರದು ಮಾತ್ರ. ಅದಕ್ಕಿಂತ ಕಡಿಮೆ ಗಂಟೆಯವರು ಅದರಲ್ಲಿ ಇಲ್ಲ. ಇಂಥ ಷರತ್ತುಗಳು ಸಾಮಾನ್ಯವಾಗಿ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತವೆ. ನಾನಂತೂ ಈಗ ಮೊದಲು ಅಲ್ಲಿಂದಲೇ ಓದಲು ಶುರುಮಾಡುತ್ತೇನೆ.

ಸರಾಸರಿಯ ಪಕ್ಕದಲ್ಲಿ ನಡುವಿನವರು

ಒಂಬತ್ತು ಜನರ ಸಂಬಳ ಸಾವಿರಗಳಲ್ಲಿ ಹೀಗಿದೆ: 12, 13, 14, 15, 16, 18, 20, 22, 140. ಒಟ್ಟು 270, ಸರಾಸರಿ 30. ಆದರೆ ಒಂಬತ್ತರಲ್ಲಿ ಎಂಟು ಜನರಿಗೆ 30 ಸಿಗುತ್ತಿಲ್ಲ. ಹತ್ತಿರವೂ ಇಲ್ಲ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವೆ ನಿಂತವರನ್ನು ಕೇಳಿದರೆ 16 ಅನ್ನುತ್ತಾರೆ. ಇದೇ ಮಧ್ಯಾಂಕ. ಕೊನೆಯವರ ಸಂಬಳ 140ರಿಂದ 230ಕ್ಕೆ ಏರಿದರೆ ಸರಾಸರಿ 40 ಆಗುತ್ತದೆ. ಮಧ್ಯಾಂಕ ಕದಲುವುದಿಲ್ಲ.

ಸಂಬಳದ ಲೋಕ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಹೀಗೇ ಇದೆ. ಕೆಳಗೆ ದೊಡ್ಡ ಗುಂಪು, ಮೇಲಕ್ಕೆ ಉದ್ದನೆಯ ಬಾಲ. ಸೊನ್ನೆಗಿಂತ ಕೆಳಗೆ ಸಂಬಳ ಹೋಗಲಾರದು, ಮೇಲಕ್ಕೆ ಮಿತಿಯೇ ಇಲ್ಲ. ಅದರಿಂದ ಸರಾಸರಿ ಮಧ್ಯಾಂಕಕ್ಕಿಂತ ಮೇಲೆಯೇ ಕೂರುತ್ತದೆ. ಸಾಮಾನ್ಯ ದುಡಿಮೆಗಾರರ ಸ್ಥಿತಿ ತಿಳಿಯಬೇಕಾದರೆ ಮಧ್ಯಾಂಕ ಕೇಳಿ. ಆದರೆ ಒಟ್ಟು ಎಷ್ಟು ಸಂಬಳ ಹಂಚಿಕೆಯಾಯಿತು ಅಂತ ಬೇಕಾದರೆ ಸರಾಸರಿಯೇ ಬೇಕು. ಮಧ್ಯಾಂಕವನ್ನು ಜನರ ಸಂಖ್ಯೆಯಿಂದ ಗುಣಿಸಿದರೆ ಅರ್ಥವಿಲ್ಲದ ಉತ್ತರ ಬರುತ್ತದೆ.

ಮಧ್ಯಾಂಕ ಕೂಡ ಎಲ್ಲವನ್ನೂ ಹೇಳುವುದಿಲ್ಲ. ಮೇಲಿನ ಸಾಲಿನಲ್ಲಿ ಮೊದಲ ನಾಲ್ವರ ಸಂಬಳವನ್ನು ಅರ್ಧಕ್ಕೆ ಇಳಿಸಿದರೂ ಮಧ್ಯಾಂಕ 16 ಆಗಿಯೇ ಇರುತ್ತದೆ! ಹಾಗಾಗಿ ಒಳ್ಳೆಯ ವರದಿಗಳು ಕೆಳಗಿನ ಹತ್ತನೇ ಒಂದು ಭಾಗ ಎಲ್ಲಿ ಮುಗಿಯುತ್ತದೆ, ಮೇಲಿನ ಹತ್ತನೇ ಒಂದು ಭಾಗ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನೂ ಕೊಡುತ್ತವೆ. ಕನಿಷ್ಠ ವೇತನ ಏರಿಸಿದ್ದರಿಂದ ಏನಾಯಿತು ಅಂತ ನೋಡುವವರಿಗೆ ಬೇಕಾದದ್ದು ಕೆಳಗಿನ ಆ ಅಂಕಿ.

ಬೆಲೆ ಏರಿದ ಮೇಲೆ ಉಳಿದದ್ದು

2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಹಣದುಬ್ಬರ ಶೇ. 11.1 ಮುಟ್ಟಿತು. ಆ ಹೊತ್ತಿನಲ್ಲಿ ಬೋನಸ್ ಬಿಟ್ಟ ಸರಾಸರಿ ಸಂಬಳ ವರ್ಷಕ್ಕೆ ಶೇ. 6ರ ಆಸುಪಾಸಿನಲ್ಲಿ ಏರುತ್ತಿತ್ತು. ಅದು ಆ ದೇಶದ ಮಟ್ಟಿಗೆ ದೊಡ್ಡ ಏರಿಕೆಯೇ. ಆದರೂ ಜನರ ಕೊಳ್ಳುವ ಶಕ್ತಿ ಕುಗ್ಗಿತು. ಚೀಟಿಯಲ್ಲಿ ಕಾಣುವ ಸಂಬಳ ಒಂದು, ಅದರಿಂದ ಏನು ಕೊಳ್ಳಬಹುದು ಅನ್ನುವುದು ಇನ್ನೊಂದು. ಎರಡನೆಯದನ್ನು ನೈಜ ವೇತನ ಅನ್ನುತ್ತಾರೆ.

ಲೆಕ್ಕ ಹಾಕುವಾಗ ಬಹಳ ಜನ ಕಳೆಯುತ್ತಾರೆ. ಸಂಬಳ ಶೇ. 6 ಏರಿದೆ, ಬೆಲೆ ಶೇ. 4 ಏರಿದೆ, ಹಾಗಾದರೆ ಶೇ. 2 ಲಾಭ ಅಂತ. ಸಣ್ಣ ಸಂಖ್ಯೆಗಳಲ್ಲಿ ಇದು ನಡೆಯುತ್ತದೆ. ಸರಿಯಾದ ಕ್ರಮ ಭಾಗಿಸುವುದು. 106ನ್ನು 104ರಿಂದ ಭಾಗಿಸಿದರೆ ಶೇ. 1.9. ಸಂಖ್ಯೆಗಳು ದೊಡ್ಡದಾದರೆ ಅಂತರ ಎದ್ದು ಕಾಣುತ್ತದೆ. ಕೆಲವು ವರ್ಷಗಳಲ್ಲಿ ಸಂಬಳ ಶೇ. 50, ಬೆಲೆ ಶೇ. 60 ಏರಿದ್ದರೆ ನಷ್ಟ ಶೇ. 10 ಅಲ್ಲ, ಶೇ. 6.25.

ಯಾವ ಬೆಲೆ ಸೂಚ್ಯಂಕದಿಂದ ಭಾಗಿಸಿದರು ಅನ್ನುವುದೂ ಮುಖ್ಯ. ಸೂಚ್ಯಂಕ ಒಂದು ಬುಟ್ಟಿ ಇದ್ದ ಹಾಗೆ. ಕಡಿಮೆ ಗಳಿಸುವವರ ಬುಟ್ಟಿಯಲ್ಲಿ ಊಟದ ಪಾಲು ದೊಡ್ಡದು. ದಿನಸಿ ಬೆಲೆ ಏರಿ ಬೇರೆಯದು ಇಳಿದ ವರ್ಷ ದೇಶದ ಒಟ್ಟು ಹಣದುಬ್ಬರ ಕಡಿಮೆ ಕಾಣಬಹುದು. ಬಡವರ ಮನೆಯ ಹಣದುಬ್ಬರ ಜಾಸ್ತಿ ಇರುತ್ತದೆ. ಭಾರತದಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಒಂದು, ಕೃಷಿ ಕಾರ್ಮಿಕರಿಗೆ ಇನ್ನೊಂದು ಬೆಲೆ ಸೂಚ್ಯಂಕ ಇಟ್ಟಿರುವುದು ಈ ಕಾರಣಕ್ಕೇ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ಗೊತ್ತಾಗುವುದು ಅದರಲ್ಲಿ ಮೊದಲನೆಯದರಿಂದ.

ಇನ್ನೊಂದು, ಹೋಲಿಕೆಗೆ ಹಿಡಿದ ಹಿಂದಿನ ವರ್ಷ ಎಂಥದ್ದು ಅಂತ ನೋಡಿ. 2021ರ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ರಿಟನ್ನಿನಲ್ಲಿ ಸರಾಸರಿ ಸಂಬಳ ವರ್ಷದ ಹಿಂದಿನದಕ್ಕಿಂತ ಶೇ. 8.8 ಜಾಸ್ತಿ ಕಂಡಿತು. ವರ್ಷದ ಹಿಂದೆ ಲಕ್ಷಾಂತರ ಜನ ಸರ್ಕಾರದ ನೆರವಿನಲ್ಲಿ ಶೇ. 80ರಷ್ಟು ಸಂಬಳ ಪಡೆದು ಮನೆಯಲ್ಲಿ ಕೂತಿದ್ದರು. ತಗ್ಗಿನಲ್ಲಿ ನಿಂತು ಅಳೆದರೆ ದಿಬ್ಬವೂ ಬೆಟ್ಟದಂತೆ ಕಾಣುತ್ತದೆ. ಜೊತೆಗೆ ಕಡಿಮೆ ಸಂಬಳದ ಕೆಲಸಗಳೂ ಇಲ್ಲವಾಗಿದ್ದವು. ಅಲ್ಲಿನ ಅಂಕಿಅಂಶ ಕಚೇರಿ ಆ ದಿನಗಳಲ್ಲಿ ಈ ಎರಡೂ ಕಾರಣಗಳನ್ನು ಬಿಡಿಸಿ ಹೇಳಿತ್ತು.

ಹೆಂಗಸರಿಗೆ ಎಷ್ಟು ಕಡಿಮೆ?

ಈ ಪ್ರಶ್ನೆಗೆ ಒಂದೇ ಉತ್ತರ ಹುಡುಕುವವರು ಸೋಲುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವೇತನ ವರದಿಯನ್ನೇ ನೋಡಿ. ಜಗತ್ತಿನ ಮಟ್ಟದಲ್ಲಿ ಗಂಡಸರು ಮತ್ತು ಹೆಂಗಸರ ಸಂಬಳದ ಅಂತರವನ್ನು ಗಂಟೆಯ ಸರಾಸರಿಯಲ್ಲಿ ಅಳೆದರೆ ಸುಮಾರು ಶೇ. 16. ತಿಂಗಳ ಮಧ್ಯಾಂಕದಲ್ಲಿ ಅಳೆದರೆ ಶೇ. 22. ವರದಿ ಒಂದೇ, ಉತ್ತರ ಎರಡು. ಹೆಂಗಸರಲ್ಲಿ ಕಡಿಮೆ ಗಂಟೆ ದುಡಿಯುವವರು ಜಾಸ್ತಿ. ಆದ್ದರಿಂದ ತಿಂಗಳ ಲೆಕ್ಕದಲ್ಲಿ ಅಂತರ ಹಿಗ್ಗುತ್ತದೆ.

ಯುರೋಪಿನ ಒಕ್ಕೂಟದ ಅಧಿಕೃತ ಅಂತರ ಈಚಿನ ವರ್ಷಗಳಲ್ಲಿ ಶೇ. 12ರ ಆಸುಪಾಸು. ಅದು ಗಂಟೆಯ ಸರಾಸರಿ, ಅದೂ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳದ್ದು. ಒಂದೇ ಮೇಜಿನಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ನಡುವಿನ ಅಂತರ ಇದು ಅಂತ ತಿಳಿಯಬಾರದು. ಎಲ್ಲ ಗಂಡಸರ ಸರಾಸರಿ, ಎಲ್ಲ ಹೆಂಗಸರ ಸರಾಸರಿ, ಅವುಗಳ ನಡುವಿನದು. ಆಗ ಕೆಲವರು ಹೇಳುತ್ತಾರೆ: ಓದು, ಅನುಭವ, ಹುದ್ದೆ ಎಲ್ಲ ಸಮ ಮಾಡಿ ನೋಡಿದರೆ ಅಂತರ ಬಹಳ ಕುಗ್ಗುತ್ತದೆ, ಹಾಗಾಗಿ ಅನ್ಯಾಯವೇ ಇಲ್ಲ ಅಂತ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಹೆಂಗಸರು ಮೇಲಿನ ಹುದ್ದೆಗೆ ಹೋಗದಂತೆ ತಡೆದಿದ್ದರೆ, ಹುದ್ದೆಯನ್ನು ಸಮ ಮಾಡಿದ ಕೂಡಲೇ ಆ ತಡೆಯೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಸಮ ಮಾಡದ ಅಂಕಿ ಒಂದು ಪ್ರಶ್ನೆಗೆ ಉತ್ತರ, ಸಮ ಮಾಡಿದ್ದು ಇನ್ನೊಂದಕ್ಕೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ಅಂತರದಲ್ಲಿ ಎಷ್ಟು ಪಾಲು ಹುದ್ದೆಗಳ ಹಂಚಿಕೆಯಿಂದ ಬಂತು ಅಂತ ತಿಳಿಯುತ್ತದೆ.

ಇಲ್ಲಿಯೂ ಲೆಕ್ಕಕ್ಕೆ ಸಿಕ್ಕವರು ಯಾರು ಅನ್ನುವ ಮಾತು ಬಂದೇ ಬರುತ್ತದೆ. ಇಟಲಿಯಲ್ಲಿ ಗಂಟೆಯ ಸಂಬಳದ ಅಂತರ ಯುರೋಪಿನಲ್ಲೇ ಬಹಳ ಕಡಿಮೆ ಇರುವ ಕಡೆಗಳಲ್ಲೊಂದು. ಹಾಗಂತ ಅಲ್ಲಿನ ಹೆಂಗಸರ ಸ್ಥಿತಿ ಎಲ್ಲರಿಗಿಂತ ಮೇಲು ಅನ್ನಲು ಬರುವುದಿಲ್ಲ. ಅಲ್ಲಿ ಸಂಬಳದ ಕೆಲಸದಲ್ಲಿರುವ ಹೆಂಗಸರ ಪಾಲೇ ಕಡಿಮೆ. ಇರುವವರಲ್ಲಿ ಓದಿದವರು, ಒಳ್ಳೆಯ ಸಂಬಳ ಸಿಗುವವರು ಜಾಸ್ತಿ. ಕಡಿಮೆ ಸಂಬಳ ಸಿಗಬಹುದಾಗಿದ್ದವರಲ್ಲಿ ಬಹಳ ಮಂದಿ ಮನೆಯಲ್ಲೇ ಉಳಿದಿದ್ದಾರೆ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಒಂದು ತಿಂಗಳಲ್ಲಿ ಆದದ್ದು ಇಲ್ಲಿ ಸದ್ದಿಲ್ಲದೆ ಹಲವು ದಶಕಗಳಿಂದ ಇದೆ.

ಲೆಕ್ಕದ ಹೊರಗೆ ನಿಂತವರು

ಭಾರತದಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸ್ವಂತ ಉದ್ಯೋಗದವರು. ಹೊಲ, ಅಂಗಡಿ, ಗಾಡಿ, ಹೊಲಿಗೆ ಯಂತ್ರ. ಇವರ ಗಳಿಕೆ ಅಳೆಯುವುದು ನಿಜಕ್ಕೂ ಕಷ್ಟ. ವ್ಯಾಪಾರದ ದುಡ್ಡೂ ಮನೆಯ ದುಡ್ಡೂ ಒಂದೇ ಡಬ್ಬಿಯಲ್ಲಿ ಇರುತ್ತದೆ. ಬಂದ ಹಣದಲ್ಲಿ ಸರಕಿನ ಖರ್ಚು, ಬಾಡಿಗೆ, ಬಡ್ಡಿ ಕಳೆದು ದುಡಿಮೆಗೆ ಎಷ್ಟು ಉಳಿಯಿತು ಅಂತ ಅವರಿಗೇ ಹೇಳಲು ಆಗದು. ಬೆಳೆ ಬಂದ ತಿಂಗಳು ಕೇಳಿದರೆ ಒಂದು ಉತ್ತರ, ಬಿತ್ತನೆಯ ತಿಂಗಳು ಕೇಳಿದರೆ ಬರೀ ಖರ್ಚು.

ಮನೆಯವರ ಹೊಲದಲ್ಲಿ, ಅಂಗಡಿಯಲ್ಲಿ ಕೂಲಿ ಇಲ್ಲದೆ ಕೈಜೋಡಿಸುವವರೂ ಇದ್ದಾರೆ. ಹೆಚ್ಚಾಗಿ ಹೆಂಗಸರು. ಉದ್ಯೋಗದ ಲೆಕ್ಕದಲ್ಲಿ ಇವರೂ ದುಡಿಯುವವರೇ. ಗಳಿಕೆಯ ಲೆಕ್ಕದಲ್ಲಿ ಇವರನ್ನು ಸೊನ್ನೆ ಅಂತ ಸೇರಿಸಿದರೆ ಸರಾಸರಿ ಕುಸಿಯುತ್ತದೆ, ಬಿಟ್ಟುಬಿಟ್ಟರೆ ಏರುತ್ತದೆ. ಮನೆಯ ಗಳಿಕೆಯನ್ನು ಇಬ್ಬರಿಗೂ ಹಂಚಿದರೆ ಇನ್ನೊಂದು ಉತ್ತರ. ಎರಡು ವರದಿಗಳು ಬೇರೆ ಬೇರೆ ಅಂಕಿ ಕೊಟ್ಟಾಗ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಜಗಳ ಶುರುವಾಗುತ್ತದೆ. ಎಷ್ಟೋ ಸಲ ಅವರ ನಡುವಿನ ವ್ಯತ್ಯಾಸ ಇಂಥ ಒಂದು ತೀರ್ಮಾನದ್ದು ಮಾತ್ರ.

ಮತ್ತೆ 2020ರ ಏಪ್ರಿಲ್‌ಗೆ ಬರೋಣ. ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಭಾಗವಾದ ಅಟ್ಲಾಂಟಾದ ಫೆಡರಲ್ ರಿಸರ್ವ್ ಬ್ಯಾಂಕ್ ಬೇರೆ ಬಗೆಯ ಒಂದು ಅಂಕಿ ಇಡುತ್ತದೆ. ಮನೆಗಳ ಸಮೀಕ್ಷೆಯಲ್ಲಿ ಒಬ್ಬರನ್ನೇ ಹನ್ನೆರಡು ತಿಂಗಳ ಅಂತರದಲ್ಲಿ ಎರಡು ಸಲ ಕೇಳಿರುತ್ತಾರೆ. ಬ್ಯಾಂಕ್ ಆ ಎರಡು ಉತ್ತರಗಳನ್ನು ಜೋಡಿಸಿ ಒಬ್ಬೊಬ್ಬರ ಸಂಬಳ ಎಷ್ಟು ಏರಿತು ಅಂತ ತೆಗೆಯುತ್ತದೆ. ಆ ಏರಿಕೆಗಳ ಮಧ್ಯಾಂಕವನ್ನು ಪ್ರಕಟಿಸುತ್ತದೆ. ಆ ಏಪ್ರಿಲ್‌ನಲ್ಲಿ ಅದು ಹಾರಲಿಲ್ಲ. ವರ್ಷಕ್ಕೆ ಶೇ. 3ಕ್ಕಿಂತ ಸ್ವಲ್ಪ ಮೇಲೆ, ಹಿಂದಿನ ತಿಂಗಳುಗಳ ಆಸುಪಾಸಿನಲ್ಲೇ ನಿಂತಿತ್ತು. ಒಂದೇ ತಿಂಗಳ ಶೇ. 4.7 ಎಲ್ಲಿಂದ ಬಂದಿತ್ತು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೆ ಈ ಅಂಕಿಯಲ್ಲಿ ಸೇರಬೇಕಾದರೆ ಎರಡು ಸಲ ಕೇಳಿದಾಗಲೂ ಕೈಯಲ್ಲಿ ಸಂಬಳ ಇರಬೇಕು. ಕೆಲಸ ಹೋದವರಿಗೆ ಎರಡನೆಯ ಉತ್ತರ ಇರಲಿಲ್ಲ. ಅವರು ಇಲ್ಲಿಯೂ ಇಲ್ಲ. ಅವರನ್ನು ಕಾಣಲು ಸರಾಸರಿಯನ್ನೂ ಮಧ್ಯಾಂಕವನ್ನೂ ಬದಿಗಿಟ್ಟು, ಆ ತಿಂಗಳು ದೇಶದಲ್ಲಿ ಒಟ್ಟು ಎಷ್ಟು ಸಂಬಳ ಪಾವತಿಯಾಯಿತು ಅನ್ನುವ ಸಾಲಿಗೆ ಹೋಗಬೇಕು. ಆ ಮೊತ್ತ ಜೋರಾಗಿ ಬಿದ್ದಿತ್ತು.